ಗಿಂಬ್ರಿಯ ಪಕ್ಕದಲ್ಲಿ ಪಿಯಾನೊ

ಶ್ರೋತೃಗಳಿಗೆ ನಮಸ್ಕಾರ.

1999ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ನಿನಲ್ಲಿರುವ ಲಫಾಯೆಟ್ ಅವೆನ್ಯೂ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಒಂದು ಕಚೇರಿ ನಡೆಯಿತು. ಜಾಝ್ ಪಿಯಾನೊ ವಾದಕ ರ‍್ಯಾಂಡಿ ವೆಸ್ಟನ್ ಮತ್ತು ಅವರ ತಂಡದ ಜೊತೆಯಲ್ಲಿ ಮೊರಾಕ್ಕೊದಿಂದ ಬಂದ, ಗ್ನಾವಾ ಎಂಬ ಸಮುದಾಯದ ಸಂಗೀತ ಗುರುಗಳು ಅಂದು ನುಡಿಸಿದರು, ಹಾಡಿದರು. ಸಭಿಕರ ಮುಂದೆ ನಡೆದ ಆ ಕಚೇರಿಯೇ ‘ಸ್ಪಿರಿಟ್! ದಿ ಪವರ್ ಆಫ್ ಮ್ಯೂಸಿಕ್’ ಎಂಬ ಆಲ್ಬಮ್ ಆಗಿ ಹೊರಬಂದಿತು. ಎರಡು ನಾಡುಗಳ ಸಂಗೀತಗಾರರನ್ನು ಒಂದೇ ವೇದಿಕೆಗೆ ಕರೆತರುವುದು ಇಂದು ಅಪರೂಪವೇನಲ್ಲ. ಆದರೆ ಈ ಆಲ್ಬಮ್ಮಿನ ಹಿಂದೆ ಸುಮಾರು ಮೂವತ್ತು ವರ್ಷಗಳ ಒಡನಾಟವಿದೆ, ಒಬ್ಬ ಹೆಸರಾಂತ ಕಲಾವಿದ ಅನ್ಯರ ಮನೆಯ ಹೊಸ್ತಿಲಲ್ಲಿ ಅಪ್ಪಣೆಗಾಗಿ ಕಾದು ನಿಂತ ವಿನಯವಿದೆ. ನನ್ನ ಮಟ್ಟಿಗೆ ಈ ಸಂಗೀತದ ಸೊಗಸಿನ ಮೂಲ ಅಲ್ಲಿಯೇ ಇದೆ.

ಗ್ನಾವಾ ಜನರ ಪೂರ್ವಜರಲ್ಲಿ ಹೆಚ್ಚಿನವರು ಸಹಾರಾ ಮರುಭೂಮಿಯ ದಕ್ಷಿಣದ ನಾಡುಗಳಿಂದ ಗುಲಾಮರಾಗಿ ಮೊರಾಕ್ಕೊಗೆ ಬಂದವರು. ಅವರು ಇಸ್ಲಾಂ ಧರ್ಮವನ್ನು ಸ್ವೀಕರಿಸಿದರೂ ತಮ್ಮ ಹಳೆಯ ನೆಲದ ದೈವಗಳನ್ನೂ ಮಾತುಗಳನ್ನೂ ಬಿಟ್ಟುಕೊಡಲಿಲ್ಲ. ಇಂದಿಗೂ ಅವರ ಹಾಡುಗಳಲ್ಲಿ ಅರಬ್ಬಿಯ ನಡುವೆ ಬಂಬಾರಾ ಮತ್ತು ಹೌಸಾ ಭಾಷೆಗಳ ಪದಗಳು ಕೇಳಿಬರುತ್ತವೆ. ಆಫ್ರಿಕಾದಿಂದ ಹೀಗೆ ಬಲವಂತವಾಗಿ ಚದುರಿಹೋದವರ ಕಥೆ ನಮಗೂ ದೂರದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿಗಳ ಡಮಾಮಿ ಕುಣಿತವನ್ನು ಕಂಡವರಿಗೆ, ಊರು ಕಳೆದುಕೊಂಡವರು ವಾದ್ಯವನ್ನು ಮಾತ್ರ ಯಾಕೆ ಕೈಬಿಡುವುದಿಲ್ಲ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಗ್ನಾವಾಗಳ ಮುಖ್ಯ ವಾದ್ಯ ಗಿಂಬ್ರಿ. ಮರದ ತುಂಡೊಂದನ್ನು ದೋಣಿಯಂತೆ ಕೊರೆದು, ಅದರ ಬಾಯಿಗೆ ಒಂಟೆಯ ಚರ್ಮವನ್ನು ಬಿಗಿದು, ಆಡಿನ ಕರುಳಿನಿಂದ ಹೊಸೆದ ಮೂರು ತಂತಿಗಳನ್ನು ಕಟ್ಟುತ್ತಾರೆ. ಅದರ ಕೋಲಿನ ತುದಿಗೆ ಒಂದು ಲೋಹದ ತಗಡನ್ನು ಸಿಕ್ಕಿಸಿ, ತಗಡಿನ ಅಂಚಿನ ಉದ್ದಕ್ಕೂ ಸಣ್ಣ ಉಂಗುರಗಳನ್ನು ಪೋಣಿಸುವುದುಂಟು. ತಂತಿ ಮೀಟಿದಾಗಲೆಲ್ಲ ಅವು ಝಲ್ಲೆಂದು ನಡುಗುತ್ತವೆ. ವಾದಕನ ಬಲಗೈ ತಂತಿಯನ್ನು ಮೀಟುತ್ತಲೇ ಬೆರಳುಗಳಿಂದ ಚರ್ಮವನ್ನೂ ಬಡಿಯುವುದರಿಂದ, ಒಂದೇ ವಾದ್ಯದಲ್ಲಿ ಮಂದ್ರದ, ಅಂದರೆ ತಗ್ಗಿನ, ಸ್ವರವೂ ಮದ್ದಳೆಯಂಥ ಪೆಟ್ಟೂ ಒಟ್ಟಿಗೆ ಹೊಮ್ಮುತ್ತವೆ. ಸ್ವರಸಮೂಹ ಹೆಚ್ಚಾಗಿ ಐದು ಸ್ವರಗಳದ್ದು, ನಮ್ಮವರು ಔಡವ ಎನ್ನುವಂಥದ್ದು. ಇದರ ಜೊತೆಗೆ ಕರಾಕೆಬ್ ಎಂಬ ಕಬ್ಬಿಣದ ತಾಳಗಳಿವೆ. ಅವುಗಳ ಸದ್ದು ಗುಲಾಮರ ಕಾಲಿನ ಸರಪಳಿಯ ಸದ್ದನ್ನು ನೆನಪಿಸುತ್ತದೆ ಎಂದು ಹೇಳುವ ವಾಡಿಕೆಯಿದೆ. ಅವುಗಳ ನಡೆಯಂತೂ ವಿಚಿತ್ರ: ತಿಶ್ರವೆಂದು, ಅಂದರೆ ಮೂರರ ಎಣಿಕೆಯೆಂದು, ಎಣಿಸಹೋದರೆ ನಾಲ್ಕರ ಎಣಿಕೆಯಾದ ಚತುರಶ್ರದ ಕಡೆಗೆ ಜಾರುತ್ತದೆ, ಚತುರಶ್ರವೆಂದುಕೊಂಡರೆ ತಿಶ್ರಕ್ಕೆ ವಾಲುತ್ತದೆ. ಕಾಗದದ ಮೇಲೆ ಬರೆದು ಹಿಡಿಯಲಾಗದ ಈ ನಡುವಿನ ಲಯವೇ ಗ್ನಾವಾ ಸಂಗೀತದ ಉಸಿರು.

ಈ ಸಂಗೀತದ ನಿಜವಾದ ಜಾಗ ಕಚೇರಿಯ ವೇದಿಕೆಯಲ್ಲ, ಇರುಳಿಡೀ ನಡೆಯುವ ಲೀಲಾ ಎಂಬ ಆಚರಣೆ. ನಮ್ಮ ಲೀಲೆಗೂ ಈ ಪದಕ್ಕೂ ಸಂಬಂಧವಿಲ್ಲ. ಅರಬ್ಬಿಯಲ್ಲಿ ಅದಕ್ಕೆ ಇರುಳು ಎಂದೇ ಅರ್ಥ. ಮಾಲೆಮ್ ಎಂದು ಕರೆಸಿಕೊಳ್ಳುವ ಗುರು ಗಿಂಬ್ರಿ ನುಡಿಸುತ್ತ, ಏಳು ಬಣ್ಣಗಳಿಗೆ ಸೇರಿದ ದೈವಗಳನ್ನು ಒಂದೊಂದಾಗಿ ಹಾಡಿ ಕರೆಯುತ್ತಾನೆ. ಆಯಾ ದೈವಕ್ಕೆ ಆಯಾ ಧೂಪ, ಆಯಾ ಬಣ್ಣದ ಬಟ್ಟೆ. ನೊಂದವರ, ಕಾಯಿಲೆ ಬಿದ್ದವರ ಮೈಮೇಲೆ ದೈವ ಬರುತ್ತದೆ, ಅವರು ಕುಣಿದು ಹಗುರಾಗುತ್ತಾರೆ. ಇಂಥ ಸಂಗೀತವನ್ನು ಹೊರಗಿನವರು ತಮಗೆ ಬೇಕಾದಷ್ಟು ಕತ್ತರಿಸಿಕೊಂಡು ಹೋಗುವುದು ಸುಲಭ, ಹಾಗೆ ಮಾಡಿದವರೂ ಇದ್ದಾರೆ. ವೆಸ್ಟನ್ ಹಾಗೆ ಮಾಡಲಿಲ್ಲ.

1926ರಲ್ಲಿ ಬ್ರೂಕ್ಲಿನ್ನಿನಲ್ಲೇ ಹುಟ್ಟಿದ ವೆಸ್ಟನ್‌ಗೆ, ನೀನು ಅಮೆರಿಕದಲ್ಲಿ ಹುಟ್ಟಿದ ಆಫ್ರಿಕನ್ ಎಂಬುದನ್ನು ಅವರ ತಂದೆ ಎಳೆತನದಲ್ಲೇ ಮನಸ್ಸಿಗೆ ತುಂಬಿದ್ದರು. 1967ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಆಫ್ರಿಕಾದ ಹಲವು ದೇಶಗಳಲ್ಲಿ ಕಚೇರಿ ನಡೆಸಿದ ಬಳಿಕ ಅವರು ಮೊರಾಕ್ಕೊದಲ್ಲೇ ನೆಲೆನಿಂತರು. ಟ್ಯಾಂಜಿಯರ್ ನಗರದಲ್ಲಿ ಒಂದು ಸಂಗೀತ ಕ್ಲಬ್ಬನ್ನೂ ನಡೆಸಿದರು. ಅಲ್ಲಿಯೇ ಅವರಿಗೆ ಅಬ್ದುಲ್ಲಾ ಎಲ್ ಗೂರ್ದ್ ಎಂಬ ಗ್ನಾವಾ ಗುರುವಿನ ಸ್ನೇಹವಾಯಿತು. ಸಿದಿ ಮೂಸಾ ಎಂಬ ನೀಲಿ ಬಣ್ಣದ ದೈವಕ್ಕೆ ಸೇರಿದ ಹಾಡೊಂದು ವೆಸ್ಟನ್‌ರನ್ನು ಹಿಡಿದುಬಿಟ್ಟಿತು. ಅದನ್ನು ಸಭೆಯಲ್ಲಿ ನುಡಿಸಲು ಹಿರಿಯರು ಮೊದಲು ಒಪ್ಪಲಿಲ್ಲ, ಅದು ಪೂಜೆಯ ಹಾಡು. ವೆಸ್ಟನ್ ವಾದ ಮಾಡದೆ ಕಾದರು. ಅಪ್ಪಣೆ ದೊರೆತ ಮೇಲೆಯೇ ಅದರ ಆಧಾರದ ಮೇಲೆ ‘ಬ್ಲೂ ಮೋಸೆಸ್’, ಅಂದರೆ ನೀಲಿ ಮೂಸಾ, ಎಂಬ ಕೃತಿಯನ್ನು ನುಡಿಸಿದರು. ಅದೇ ಹೆಸರಿನ ಆಲ್ಬಮ್ 1972ರಲ್ಲಿ ಬಂದು ಚೆನ್ನಾಗಿ ಮಾರಾಟವಾಯಿತು. ಆದರೆ ಅದರಲ್ಲಿ ಅವರ ಕೈಗೆ ವಿದ್ಯುತ್ ಪಿಯಾನೊ ಕೊಡಲಾಗಿತ್ತು, ದೊಡ್ಡ ವಾದ್ಯಮೇಳವನ್ನು ಆಮೇಲೆ ಸೇರಿಸಲಾಗಿತ್ತು. ವೆಸ್ಟನ್‌ಗೆ ಅದು ಹಿಡಿಸಲಿಲ್ಲ. ಅವರ ಅತೃಪ್ತಿ ಸರಿಯಾದದ್ದೇ ಎನ್ನುತ್ತೇನೆ.

1992ರಲ್ಲಿ ಅವರು ಮರ್ರಕೇಶಿನಲ್ಲಿ ಗ್ನಾವಾ ಗುರುಗಳನ್ನು ಒಟ್ಟುಗೂಡಿಸಿ ಧ್ವನಿಮುದ್ರಣ ಮಾಡಿಸಿದಾಗ, ಹೆಚ್ಚಿನ ಹಾಡುಗಳಲ್ಲಿ ತಮ್ಮ ಪಿಯಾನೊವನ್ನೇ ಮುಟ್ಟಲಿಲ್ಲ. 1994ರಲ್ಲಿ ಎಸ್ಸೌಯಿರಾ ಪಟ್ಟಣದಲ್ಲಿ ಸ್ಯಾಕ್ಸಫೋನ್ ವಾದಕ ಫರೋವಾ ಸ್ಯಾಂಡರ್ಸ್ ಮತ್ತು ಮಾಲೆಮ್ ಮಹಮೂದ್ ಗಿನಿಯಾ ಕೂಡಿ ಮಾಡಿದ ಧ್ವನಿಮುದ್ರಣವೂ ಕೇಳತಕ್ಕದ್ದು. ಆದರೂ 1999ರ ಬ್ರೂಕ್ಲಿನ್ ಕಚೇರಿಯ ತೂಕ ಬೇರೆ. ಆ ಚರ್ಚು 1857ರಲ್ಲಿ ಆರಂಭವಾದದ್ದು. ಅದರ ಮೊದಲ ಪಾದ್ರಿ ಗುಲಾಮಗಿರಿಯ ವಿರುದ್ಧ ದನಿಯೆತ್ತಿದವರು. ಮರುಭೂಮಿ ದಾಟಿಸಿ ಮಾರಲ್ಪಟ್ಟವರ ಮೊಮ್ಮಕ್ಕಳೂ ಕಡಲು ದಾಟಿಸಿ ಮಾರಲ್ಪಟ್ಟವರ ಮೊಮ್ಮಕ್ಕಳೂ ಆ ಸೂರಿನ ಕೆಳಗೆ ಒಂದೇ ಲಯಕ್ಕೆ ಚಪ್ಪಾಳೆ ತಟ್ಟಿದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಸಂಗೀತದ ದೃಷ್ಟಿಯಿಂದಲೂ ಈ ಕೂಟ ಹೊಂದುತ್ತದೆ. ಅಲೆಕ್ಸ್ ಬ್ಲೇಕ್ ನುಡಿಸುವ ಡಬಲ್ ಬೇಸ್ ಗಿಂಬ್ರಿಯಂತೆಯೇ ಮಂದ್ರದಲ್ಲಿ ಓಡಾಡುವ ವಾದ್ಯ. ಬ್ಲೇಕ್ ಅದರ ತಂತಿಗಳನ್ನು ಕೈಬೀಸಿ ಹೊಡೆಯುವ ರೀತಿ ಗ್ನಾವಾಗಳ ಬಲಗೈಗೆ ಹತ್ತಿರದ್ದು. ವೆಸ್ಟನ್ ಕೂಡ ಪಿಯಾನೊವನ್ನು ಚರ್ಮವಾದ್ಯದಂತೆ ಬಡಿದು ನುಡಿಸುವವರು, ಕೆಳಸ್ಥಾಯಿಯನ್ನು ಪ್ರೀತಿಸಿದವರು. ಬೆನ್ನಿ ಪವೆಲ್ ಅವರ ಟ್ರಾಂಬೋನು, ತಾಲಿಬ್ ಕಿಬ್ವೆ ಅವರ ಸ್ಯಾಕ್ಸಫೋನು ಮತ್ತು ಕೊಳಲು, ನೀಲ್ ಕ್ಲಾರ್ಕ್ ಅವರ ತಾಳವಾದ್ಯ ಇವುಗಳಿಗೆ ಜೊತೆಯಾಗುತ್ತವೆ. ಮಾಲೆಮ್ ಒಂದು ಸಾಲು ಹಾಡಿದರೆ ಉಳಿದವರು ಒಕ್ಕೊರಲಿನಿಂದ ಮರುನುಡಿಯುವ ಪದ್ಧತಿ ಗ್ನಾವಾದಲ್ಲಿ ಹೇಗಿದೆಯೋ ಹಾಗೆಯೇ ಕಪ್ಪು ಅಮೆರಿಕನ್ನರ ಚರ್ಚಿನ ಹಾಡಿನಲ್ಲೂ ಇದೆ. ಹೀಗಾಗಿ ಇಲ್ಲಿ ಯಾರೂ ಯಾರಿಗಾಗಿಯೂ ತಮ್ಮ ಲಯವನ್ನು ಮಾರ್ಪಡಿಸಿಕೊಳ್ಳಬೇಕಾಗಿ ಬರಲಿಲ್ಲ.

ವೆಸ್ಟನ್ 2018ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ಮರುವರ್ಷ ಯುನೆಸ್ಕೊ ಸಂಸ್ಥೆ ಗ್ನಾವಾವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಆಲ್ಬಮ್ಮನ್ನು ಮೊದಲ ಸಲ ಕೇಳುವವರಲ್ಲಿ ನನ್ನದೊಂದು ವಿನಂತಿ. ಪಿಯಾನೊ ಎಲ್ಲಿದೆಯೆಂದು ಹುಡುಕಲು ಹೋಗಬೇಡಿ. ಗಿಂಬ್ರಿಯ ಮಂದ್ರಕ್ಕೆ ಕಿವಿಗೊಟ್ಟು ಕುಳಿತುಕೊಳ್ಳಿ, ಕರಾಕೆಬ್ಬಿನ ನಡೆ ಕಾಲಿಗೆ ಇಳಿಯುವವರೆಗೆ ತಾಳ ಎಣಿಸಬೇಡಿ. ಎರಡನೆಯ ಸಲ ಕೇಳುವಾಗ ವೆಸ್ಟನ್ ಎಲ್ಲೆಲ್ಲಿ ಕೈತಡೆದು ಸುಮ್ಮನಿದ್ದಾರೆ ಎಂಬುದನ್ನು ಗಮನಿಸಿ.