ಎಕ್ಕದ ಹೂವನ್ನು ಬಗ್ಗಿ ನೋಡಿ

ಕೇಳುಗರೇ, ನಮಸ್ಕಾರ. ರಥಸಪ್ತಮಿಗೆ ಎಕ್ಕದ ಎಲೆ ತಲೆ ಮೇಲಿಟ್ಟು ಸ್ನಾನ ಮಾಡ್ತೀರಿ. ಸರಿ. ಆದರೆ ಅದರ ಹೂವನ್ನು ಒಂದು ಸಲವಾದರೂ ಬಗ್ಗಿ ನೋಡಿದ್ದೀರಾ? ಇಲ್ಲ ಅಲ್ವಾ?

ಗಿಡ ನಿಮಗೆ ಗೊತ್ತು. ಖಾಲಿ ಸೈಟಿನಲ್ಲಿ, ರಸ್ತೆ ಬದಿಯಲ್ಲಿ, ಯಾರೂ ನೀರು ಹಾಕದ ಕಡೆ ಆಳೆತ್ತರ ಬೆಳೆಯುತ್ತದೆ. ಎಲೆ ದಪ್ಪ, ಎದುರುಬದುರು ಜೋಡಿ, ಮೇಲೆಲ್ಲ ಬಿಳಿ ಪುಡಿ. ಬಿಳಿ ಹೂವಿನದೂ ನೇರಳೆ ಹೂವಿನದೂ ಒಂದೇ ಜಾತಿ. ಇಷ್ಟು ಸಾಕು, ಹೂವಿಗೆ ಬರೋಣ.

ಐದು ಎಸಳು. ನಡುವೆ ಐದು ಮೂಲೆಯ ಕಿರೀಟ. ಹೆಚ್ಚಿನ ಹೂಗಳಲ್ಲಿ ಪರಾಗ ಪುಡಿಯಾಗಿ ಉದುರುತ್ತದೆ. ಎಕ್ಕದಲ್ಲಿ ಪುಡಿಯೇ ಇಲ್ಲ! ಪರಾಗವೆಲ್ಲ ಮೇಣದಂಥ ಪುಟ್ಟ ಗಂಟುಗಳಲ್ಲಿದೆ. ಎರಡೆರಡು ಗಂಟಿಗೆ ಒಂದು ಕ್ಲಿಪ್ಪು, ಬಟ್ಟೆ ಒಣಹಾಕುವ ಕ್ಲಿಪ್ಪಿನ ಥರ. ಒಂದು ಹೂವಿಗೆ ಇಂಥ ಐದು ಜೋಡಿ. ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ.

ಒಮ್ಮೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಎಕ್ಕಕ್ಕೆ ದೊಡ್ಡ ಕಪ್ಪು ದುಂಬಿ ಬಂತು, ಮರ ಕೊರೆಯುತ್ತಲ್ಲ, ಅದೇ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಮಕರಂದ ಹೀರುವಾಗ ಅದರ ಕಾಲು ಕಿರೀಟದ ಬದಿಯ ಸೀಳಿಗೆ ಜಾರಿತು. ಸಿಕ್ಕಿಕೊಂಡಿತು. ಎಳೆಯಿತು, ಮತ್ತೆ ಎಳೆಯಿತು. ಹಾರಿದಾಗ ನೋಡಿದರೆ ಕಾಲಲ್ಲಿ ಹಳದಿ ಗಂಟು ನೇತಾಡುತ್ತಿದೆ! ಇನ್ನೊಂದು ಹೂವಿನ ಸೀಳಿಗೆ ಆ ಗಂಟು ಸೇರಿದರೆ ಕಾಯಿ ಕಟ್ಟುತ್ತದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬರು, "ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?" ಅಂದರು. ಅವರನ್ನೂ ಕೂರಿಸಿದೆ, ಎಲ್ಲ ತೋರಿಸಿದೆ. ಬಸ್ಸು ಹೋಯಿತು. ಕೊನೆಗೆ ಅವರು ಕೇಳಿದ್ದೇನು ಗೊತ್ತಾ? "ಇದು ಯಾವ ಕಾಯಿಲೆಗೆ ಒಳ್ಳೇದು ಸಾರ್?"

ಅಯ್ಯೋ, ಕಾಯಿಲೆ ಬಿಡಿ. ಹೂ ನೋಡಿ!

ಸಮಯ ಆಗುತ್ತಾ ಬಂತು. ಬೀಜಕ್ಕೆ ರೇಷ್ಮೆಯಂಥ ಕೂದಲಿದೆ, ಗಾಳಿಯಲ್ಲಿ ಹಾರುತ್ತದೆ. ಪ್ಲೇನ್ ಟೈಗರ್ ಚಿಟ್ಟೆಯ ಹುಳು ಇದರ ಎಲೆ ತಿಂದು ಬೆಳೆಯುತ್ತದೆ. ಅದೇ ಒಂದು ಭಾಷಣದ ವಿಷಯ, ಇರಲಿ. ಹಾಲಿನ ಬಗ್ಗೆ ಮಾತ್ರ ಹೇಳಲೇಬೇಕು. ಎಲೆ, ಕೊಂಬೆ ಮುರಿದರೆ ಬರುವ ಬಿಳಿ ಹಾಲು ವಿಷ. ಕಣ್ಣಿಗೆ ಬಿದ್ದರೆ ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ, ದೃಷ್ಟಿ ಮಾತ್ರ ಮಂಜಾಗುತ್ತದೆ. ತಕ್ಷಣ ನೀರಲ್ಲಿ ಚೆನ್ನಾಗಿ ತೊಳೆದು ಕಣ್ಣಿನ ಡಾಕ್ಟರ ಹತ್ತಿರ ಓಡಿ.

ಅದಕ್ಕೇ ಹೂ ಕೀಳಬೇಡಿ. ಗಿಡದಲ್ಲೇ ನೋಡಿ. ಭೂತಗನ್ನಡಿ ಇದ್ದರೆ ಜೇಬಿಗೆ ಹಾಕಿಕೊಳ್ಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಆದರೆ ಮುಟ್ಟಲು ಬಿಡಬೇಡಿ. ನಮಸ್ಕಾರ.