ಮುಧೋಳದ ಬೇಟೆನಾಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಧೋಳ ನಾಯಿಯ ಕಥೆಯನ್ನು ಸಾಮಾನ್ಯವಾಗಿ ಅರಮನೆಯಿಂದ ಶುರು ಮಾಡುತ್ತಾರೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಅವರು ಇಂಗ್ಲೆಂಡಿಗೆ ಹೋಗಿದ್ದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆ ಕೊಟ್ಟರಂತೆ. ದೊರೆ ಮೆಚ್ಚಿ, ಮುಧೋಳದ ಹೌಂಡ್ ಎಂದು ಕರೆದನಂತೆ. ಮಾಲೋಜಿರಾವ್ ಅವರ ಉಪಕಾರ ದೊಡ್ಡದು. ಒಳ್ಳೆಯ ನಾಯಿಗಳನ್ನು ಆರಿಸಿ, ಜೋಡಿ ಮಾಡಿಸಿ, ತಳಿಯನ್ನು ಉಳಿಸಿದವರು ಅವರು. ಆದರೆ ಆ ನಾಯಿಗಳು ಅವರ ಕಣ್ಣಿಗೆ ಬಿದ್ದದ್ದು ಬೇಟೆಗೆ ಹೊರಟ ಬೇಡರ ಜೊತೆಯಲ್ಲಿ. ಈ ತಳಿಯ ನಿಜವಾದ ಹಕ್ಕುದಾರರು ಆ ಬೇಟೆಗಾರರು ಮತ್ತು ಹೊಲದವರು ಎಂದೇ ನಾನು ನಂಬುತ್ತೇನೆ.

ಅವರಿಗೂ ಮೊದಲು ಇದು ಎಲ್ಲಿತ್ತು? ಅರಬ್ ನಾಡಿನ ಸಲೂಕಿ, ಮಧ್ಯ ಏಷ್ಯಾದ ತಾಜಿ ನಾಯಿಗಳನ್ನು ನೋಡಿದರೆ ನಂಟು ಕಣ್ಣಿಗೇ ಕಾಣುತ್ತದೆ. ವರ್ತಕರ, ದಂಡಾಳುಗಳ ಜೊತೆಗೆ ಇಂಥ ನಾಯಿಗಳು ದಖ್ಖನಿಗೆ ಬಂದು, ಇಲ್ಲಿನ ನಾಯಿಗಳೊಡನೆ ಬೆರೆತವು ಎನ್ನುವುದು ಬಹುತೇಕರು ಒಪ್ಪುವ ಮಾತು. ಮಹಾರಾಷ್ಟ್ರದಲ್ಲಿ ಈ ನಾಯಿಗೆ ಕಾರವಾನಿ ಎಂಬ ಹೆಸರಿದೆ. ಕಿವಿ, ಬಾಲಗಳಲ್ಲಿ ರೇಷ್ಮೆಯಂಥ ಕೂದಲಿರುವ ಬಗೆಗೆ ಪಶ್ಮಿ ಎನ್ನುತ್ತಾರೆ.

ಬೇಟೆನಾಯಿಯ ಮೇಲಿನ ಅಕ್ಕರೆ ಮಾತ್ರ ನಮ್ಮ ನಾಡಿನಲ್ಲಿ ಬಹಳ ಹಳೆಯದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲು ಸಿಕ್ಕಿದೆ. ಚೋಳರ ವಿರುದ್ಧ ನಡೆದ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲರನೆಂಬ ವೀರನಿಗೆ ಗಂಗರ ದೊರೆ ಬೂತುಗ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಹಂದಿಯೊಡನೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಆ ಕಾಳಗವನ್ನು ಕಲ್ಲಿನಲ್ಲಿ ಕೆತ್ತಿಸಿ, ಭೂಮಿಯನ್ನೂ ದತ್ತಿ ಬಿಟ್ಟರು. ಕಾಳಿ ಮುಧೋಳ ತಳಿಯದೆಂದು ಯಾರೂ ಹೇಳಲಾರರು. ಆದರೂ ಆ ಶಾಸನವನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಈಗ ನಾಯಿಯನ್ನೇ ಹತ್ತಿರದಿಂದ ನೋಡೋಣ. ಉದ್ದನೆಯ ಕಿರಿದಾದ ಮೋರೆ, ಆಳವಾದ ಎದೆಗೂಡು, ಬೆನ್ನಿಗೆ ಅಂಟಿಕೊಂಡಂಥ ಹೊಟ್ಟೆ. ಬೆನ್ನ ತುದಿಯಲ್ಲಿ ಸೊಂಟದ ಎರಡು ಎಲುಬುಗಳು ಎದ್ದು ಕಾಣುತ್ತವೆ. ಇದು ಬೇಟೆಯನ್ನು ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ಹಿಡಿಯುತ್ತದೆ. ಎರೆಹೊಲದಲ್ಲಿ ಮೊಲ ಎದ್ದರೆ ಸಾಕು, ಬಿಟ್ಟ ಬಾಣ. ಪೂರ್ಣ ವೇಗದ ಓಟದಲ್ಲಿ ಪ್ರತಿ ನೆಗೆತಕ್ಕೂ ಎರಡು ಬಾರಿ ನಾಲ್ಕು ಕಾಲುಗಳೂ ನೆಲ ಬಿಟ್ಟಿರುತ್ತವೆ: ಮೈ ಚಾಚಿದಾಗ ಒಮ್ಮೆ, ಮುದುಡಿದಾಗ ಇನ್ನೊಮ್ಮೆ. ಜೋಳದ ರೊಟ್ಟಿ, ನುಚ್ಚು, ಹಾಲು ತಿಂದು ಬೆಳೆದ ಮೈಯಿದು. ಓಡದ ನಾಯಿಯ ಮರಿಯನ್ನು ಬೇಟೆಗಾರ ಸಾಕುತ್ತಿರಲಿಲ್ಲ; ತಳಿ ರೂಪುಗೊಂಡದ್ದು ಆ ಆಯ್ಕೆಯಿಂದ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಆದರೆ ನಾಯಿಯ ಕಸುಬೂ ಹೋಯಿತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ತಳಿಯ ಶುದ್ಧತೆಯನ್ನು ಕಾಯುತ್ತಿದೆ. 2016ರಲ್ಲಿ ಇಲ್ಲಿನ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು.

ಸಾಕುವ ಆಸೆಯಿರುವವರಿಗೆ ಒಂದೆರಡು ಮಾತು. ಮರಿ ಕೊಳ್ಳುವ ಮೊದಲು ತಾಯಿಯನ್ನು ನೋಡಿ, ಸಾಧ್ಯವಾದರೆ ಅದು ಓಡುವುದನ್ನೂ ನೋಡಿ. ಎಲುಬು ಕಾಣುತ್ತದೆಂದು ಮರುಗಿ ಕೊಬ್ಬಿಸಬೇಡಿ. ಅದು ಅದರ ಆರೋಗ್ಯದ ಲಕ್ಷಣ. ದಿನಕ್ಕೊಮ್ಮೆಯಾದರೂ ಬೇಲಿಯಿರುವ ಬಯಲಿನಲ್ಲಿ ಬಿಡಿ. ಶಸ್ತ್ರಚಿಕಿತ್ಸೆಯ ಸಂದರ್ಭ ಬಂದರೆ ಇದು ಯಾವ ತಳಿಯೆಂದು ವೈದ್ಯರಿಗೆ ಮೊದಲೇ ತಿಳಿಸಿ. ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ನಾಯಿಗಳಿಗೆ ಅರಿವಳಿಕೆ ಮದ್ದನ್ನು ಎಚ್ಚರದಿಂದ ಕೊಡಬೇಕಾಗುತ್ತದೆ.