ಹೆಬ್ಬೆರಳಿದ್ದರೆ ಸಾಕು, ಮಕ್ಕಳನ್ನು ಬಯಲಿಗೆ ಕರ್ಕೊಂಡು ಬನ್ರಿ!

ನಮಸ್ಕಾರ್ರೀ, ಬೀದರಿನಿಂದ ಮಾತಾಡುತ್ತಿದ್ದೇನೆ. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: 'ಸರ್, ದೂರ ಅಳೆಯೋಕೆ ಫೋನಿದೆ. ಮಕ್ಕಳನ್ನು ಕೋಟೆಗೆ ಯಾಕೆ ಅಲೆಸ್ತೀರಿ? ಸಿಲೆಬಸ್ ಮುಗಿಸಿ.' ಓದಿದ ಮೇಲೆ ನನಗೆ ಸುಮ್ನೆ ಇರೋಕೆ ಆಗಲಿಲ್ಲ.

ಸಮರೂಪ ತ್ರಿಭುಜ, ಅಂದರೆ ಆಕಾರ ಒಂದೇ ಇದ್ದು ಅಳತೆ ಚಿಕ್ಕದು ದೊಡ್ಡದು ಇರಬಹುದಾದ ತ್ರಿಭುಜಗಳು, ಇದನ್ನು ಬಯಲಲ್ಲೇ ಕಲಿಸಬೇಕು. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಲೆಕ್ಕ ಇದೆ. 6 ಮೀಟರ್ ಕಂಬದ ನೆರಳು 4 ಮೀಟರ್, ಅದೇ ಹೊತ್ತಿಗೆ ಗೋಪುರದ ನೆರಳು 28 ಮೀಟರ್. ಗೋಪುರದ ಎತ್ತರ 42 ಅಂತ ಮಕ್ಕಳು ಬರೆದುಬಿಡುತ್ತಾರೆ. 42 ಮೀಟರ್ ಅಂದರೆ ಎಷ್ಟು ಅಂತ ಕೇಳಿ, ಗೊತ್ತಿರಲ್ಲ. ನಮ್ಮೂರಲ್ಲೇ 1472ರ ಮಹಮೂದ್ ಗವಾನ್ ಮದರಸಾ ಇದೆ. ಉಳಿದಿರುವ ಒಂದು ಮಿನಾರು ಸುಮಾರು 40 ಮೀಟರ್! ಅದರ ಬುಡದಲ್ಲಿ ನಿಲ್ಲಿಸಿ ಅದೇ ಲೆಕ್ಕ ಕೊಡಿ, ತಲೆ ಎತ್ತಿ ನೋಡಿದಾಗ ಉತ್ತರ ತಾನಾಗಿ ಅರ್ಥವಾಗುತ್ತದೆ.

ಇನ್ನು ದೂರ. ಕೈ ನೇರ ಚಾಚಿ, ಹೆಬ್ಬೆರಳು ನೆಟ್ಟಗೆ ನಿಲ್ಲಿಸಿ. ಎಡಗಣ್ಣು ಮುಚ್ಚಿ, ದೂರದಲ್ಲಿ ನಿಂತ ಬಸ್ಸಿನ ಒಂದು ತುದಿಗೆ ಬೆರಳು ಹೊಂದಿಸಿ. ಈಗ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿ. ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ಎರಡು ಬಸ್ಸಿನಷ್ಟು ಜಿಗಿದರೆ, ಬಸ್ಸು ಸುಮಾರು 11 ಮೀಟರ್ ಅಂದುಕೊಂಡರೆ, ಜಿಗಿತ 22 ಮೀಟರ್. ಅದನ್ನು ಹತ್ತರಿಂದ ಗುಣಿಸಿ, 220 ಮೀಟರ್ ದೂರ! ಹತ್ತೇ ಯಾಕೆ? ಎರಡು ಕಣ್ಣು, ಹೆಬ್ಬೆರಳು ಸೇರಿ ಒಂದು ಪುಟ್ಟ ತ್ರಿಭುಜ. ಹೆಬ್ಬೆರಳಿನಿಂದ ಆಚೆಗೆ ಅದೇ ಆಕಾರದ ದೊಡ್ಡ ತ್ರಿಭುಜ. ಕೈಯ ಉದ್ದ ಕಣ್ಣುಗಳ ನಡುವಿನ ಅಂತರದ ಸುಮಾರು ಹತ್ತು ಪಟ್ಟು ಇರುತ್ತದೆ. ಪ್ರತಿ ಮಗುವೂ ತನ್ನ ಕೈ, ತನ್ನ ಕಣ್ಣಿನ ಅಂತರ ಸ್ಕೇಲಿನಲ್ಲಿ ಅಳೆದು ಭಾಗಿಸಲಿ. ಒಬ್ಬರಿಗೆ ಒಂಬತ್ತೂವರೆ, ಇನ್ನೊಬ್ಬರಿಗೆ ಹತ್ತೂಕಾಲು ಬರಬಹುದು. ಆ ಸಂಖ್ಯೆ ಆ ಮಗುವಿನದೇ ಸ್ವಂತ! ಇದನ್ನು ಕ್ಲಾಸಿನ ಕರಿಹಲಗೆ ಕೊಡುತ್ತಾ? ಕೊಡಲ್ಲ. ಬಯಲೇ ಕೊಡಬೇಕು.

'ಇದು ಬರೀ ಅಂದಾಜು' ಅಂತೀರಾ? ಹೌದು, ಅಂದಾಜೇ. ಅಂದಾಜು ಮಾಡೋಕೆ ಬಾರದವರು ಕ್ಯಾಲ್ಕುಲೇಟರ್ 2200 ಅಂತ ತೋರಿಸಿದರೂ ನಂಬುತ್ತಾರೆ. ಬಸ್ಸಿನವರೆಗೆ ಹೆಜ್ಜೆ ಎಣಿಸಿಕೊಂಡು ನಡೆದು ನೋಡಲಿ, ತಪ್ಪು ಎಷ್ಟು ಅಂತ ಗೊತ್ತಾಗುತ್ತದೆ. ತಪ್ಪನ್ನು ಅಳೆಯುವುದೂ ಗಣಿತವೇ, ಅಲ್ವಾ?

'ಬಿಸಿಲು' ಅಂತೀರಾ? ಬೆಳಗ್ಗೆ ಹೋಗಿ. ಇದೇನು ದೊಡ್ಡ ಮಾತು? ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಮಾತ್ರ ಬೇಡ, ಅಲ್ಲಿ ಗಾಡಿಗಳು ಜಾಸ್ತಿ. ಸಿಲೆಬಸ್ಸಿಗೆ ಒಂದು ಪೀರಿಯಡ್ ಕಡಿಮೆಯಾದರೆ ಏನೂ ಮುಳುಗಲ್ಲ.

ಮುಂದಿನ ವಿಡಿಯೊ ಕಾರಂಜಾ ಜಲಾಶಯದ ದಂಡೆಯಿಂದ, ಆಚೆ ದಡ ಎಷ್ಟು ದೂರ ಅಂತ. ಸಬ್‌ಸ್ಕ್ರೈಬ್ ಮಾಡಿರಿ, ಗಣಿತದ ಮೇಷ್ಟ್ರುಗಳ ಗ್ರೂಪಿಗೆ ಕಳಿಸಿರಿ.

ಮತ್ತೆ ಹೇಳ್ತೀನಿ, ಹೊರಗೆ ಕರ್ಕೊಂಡು ಹೋಗ್ರಿ. ಫೋನಿದೆ ಅನ್ನಬೇಡಿ, ಟೈಮಿಲ್ಲ ಅನ್ನಬೇಡಿ. ಹೊರಗೆ! ನಿಮ್ಮ ಕೈ ಭಾಗಿಸು ಕಣ್ಣಿನ ಅಂತರ ಎಷ್ಟು ಬಂತು ಅಂತ ಕಾಮೆಂಟಿನಲ್ಲಿ ಬರೆಯಿರಿ.